ನಾನು ಬೆಳೆಯುತ್ತಿದ್ದೇನೆ, ನನ್ನವರು ದೂರವಾಗುತ್ತಿದ್ದಾರೆ. ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಮದುವೆಯಾಗಿ ಹತ್ತು ವರ್ಷ ಆಯಿತು, ಒಬ್ಬ ಮಗ ಇದ್ದಾನೆ. ಒಂದು ವರ್ಷದಿಂದ ನನ್ನ ಬದುಕನ್ನು ಸ್ವಲ್ಪ ಸರಿ ಮಾಡಿಕೊಳ್ಳೋಣ ಅಂತ ಹೊರಟಿದ್ದೇನೆ. ಬೆಳಿಗ್ಗೆ 5 ಗಂಟೆಗೆ ಏಳುತ್ತೇನೆ, ಓಡುತ್ತೇನೆ, ಡೈರಿ ಬರೆಯುತ್ತೇನೆ, ರಾತ್ರಿ ಮಲಗುವ ಮುಂಚೆ ಓದುತ್ತೇನೆ. ಟಿವಿ ಬಿಟ್ಟೆ. ಸುಮ್ನೆ ಹರಟೆ ಹೊಡೆಯುವುದನ್ನೂ ಬಿಟ್ಟೆ. ನನ್ನ ಬಗ್ಗೆ ನನಗೆ ಇಷ್ಟು ಖುಷಿ ಯಾವತ್ತೂ ಇರಲಿಲ್ಲ. ಆದರೆ ಮನೆಯವರು 'ನೀನು ಮೊದಲಿನ ಹಾಗಿಲ್ಲ' ಅನ್ನುತ್ತಾರೆ. ಮೊದಲ ಸಲ 5 ಕಿಲೋಮೀಟರ್ ನಿಲ್ಲದೆ ಓಡಿದ ದಿನ ಬಂದು ಹೇಳಿದರೆ, 'ಸರಿ' ಅಂದು ಮೊಬೈಲ್ ನೋಡಿದರು. ಅವರು ತಡವಾಗಿ ಏಳುವುದು, ಯಾವಾಗಲೂ ಮೊಬೈಲ್ ಹಿಡಿದಿರುವುದು ನನಗೆ ಈಗ ಸಹಿಸುವುದಕ್ಕೇ ಆಗುವುದಿಲ್ಲ, ಎಷ್ಟು ಹೇಳಿದರೂ ಕೇಳುವುದಿಲ್ಲ. ಕಾಲೇಜಿನಿಂದ ಜೊತೆಗಿದ್ದ ಗೆಳತಿ ಫೋನ್ ಮಾಡುವುದನ್ನೇ ಬಿಟ್ಟಿದ್ದಾಳೆ. ಹೋದ ತಿಂಗಳು ನೆಂಟರು ಬಂದು ನಾಲ್ಕು ದಿನ ಇದ್ದರು, ನನ್ನ ದಿನಚರಿ ಪೂರ್ತಿ ಕೆಟ್ಟಿತು, ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ನನಗೇ ಭಯವಾಯಿತು. ಆಮೇಲೆ ಎರಡು ವಾರ ಏನೂ ಮಾಡಲಾಗಲಿಲ್ಲ. ಬೆಳೆಯಬೇಕಾದರೆ ಕೆಲವರನ್ನು ಬಿಟ್ಟು ಮುಂದೆ ಹೋಗಲೇಬೇಕು ಅಂತ ಎಲ್ಲ ಕಡೆ ಓದುತ್ತೇನೆ. ಹೌದಾ? ಇನ್ನೊಂದು ವಿಷಯ, ನನ್ನ ಡೈರಿಯನ್ನು ಮನೆಯವರಿಗೆ ಓದಲು ಕೊಟ್ಟರೆ ನನ್ನನ್ನು ಅರ್ಥ ಮಾಡಿಕೊಳ್ಳುತ್ತಾರಾ?

ಉತ್ತರ: ಮೊದಲು ಒಂದು ಮಾತು. ನೀವು ಮಾಡಿರುವುದು ಸಣ್ಣ ಕೆಲಸ ಅಲ್ಲ. ಒಂದು ವರ್ಷ ಹಿಡಿದು ನಡೆಸಿದ್ದೀರಿ, ದೇಹ ಮನಸ್ಸು ಎರಡೂ ಹಗುರಾಗಿವೆ, ನಿಮ್ಮನ್ನು ಕಂಡರೆ ನಿಮಗೆ ಖುಷಿಯಾಗುತ್ತಿದೆ. ಮನೆಯಲ್ಲಿ ಮುಖ ಗಂಟಿಕ್ಕಿದರು ಅಂತ ಇದನ್ನು ಬಿಡಬೇಡಿ. ನನ್ನ ಉತ್ತರದಲ್ಲಿ ಮುಂದೆ ಏನೇ ಇದ್ದರೂ ಈ ಮಾತು ಹಾಗೇ ಉಳಿಯಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬೆಳೆಯಬೇಕಾದರೆ ಜನರನ್ನು ಬಿಡಲೇಬೇಕಾ? ಇಲ್ಲ. ಕೆಲವು ಸಂಬಂಧಗಳನ್ನು ಬಿಡಬೇಕಾಗುತ್ತದೆ, ಅದರ ಬಗ್ಗೆ ಕೊನೆಗೆ ಹೇಳುತ್ತೇನೆ. ಆದರೆ ನೀವು ಬರೆದಿರುವ ಯಾವ ಸಂಬಂಧವೂ ಆ ಜಾತಿಗೆ ಸೇರಿದ ಹಾಗೆ ನನಗೆ ಕಾಣಲಿಲ್ಲ.

ನಿಮ್ಮ ಪತ್ರವನ್ನು ಇನ್ನೊಂದು ಸಲ ಓದಿ ನೋಡಿ. ಹೊಸದಾಗಿ ಶುರು ಮಾಡಿದ್ದು ಏನೇನು? ಓಟ, ಡೈರಿ, ಓದು, ಬೇಗ ಏಳುವುದು. ಎಲ್ಲವೂ ಒಬ್ಬರೇ ಮಾಡುವಂಥವು. ಬಿಟ್ಟಿದ್ದು ಏನೇನು? ಟಿವಿ, ಹರಟೆ. ಎರಡರಲ್ಲೂ ಪಕ್ಕದಲ್ಲಿ ಇನ್ನೊಬ್ಬರು ಇರುತ್ತಿದ್ದರು. ವರ್ಷವಿಡೀ ನಿಮ್ಮ ದಿನದಿಂದ ಒಬ್ಬೊಬ್ಬರೇ ಮನುಷ್ಯರು ಹೊರಗೆ ಹೋಗಿದ್ದಾರೆ, ಅದೂ ನಿಮಗೆ ಗೊತ್ತಾಗದ ಹಾಗೆ, ಯಾಕೆಂದರೆ ಅವರು ನಿಮ್ಮ ಪಟ್ಟಿಯಲ್ಲಿ 'ಸಮಯ ಹಾಳು' ಅನ್ನುವ ಹೆಸರಿನಡಿ ಕೂತಿದ್ದರು. ನೀವು ಗಂಡನನ್ನು ಬಿಡಲಿಲ್ಲ, ಟಿವಿ ಬಿಟ್ಟಿರಿ. ಗೆಳತಿಯನ್ನು ಬಿಡಲಿಲ್ಲ, ಹರಟೆ ಬಿಟ್ಟಿರಿ. ಆದರೆ ಆ ಕಡೆ ಇದ್ದವರಿಗೆ ಇದು ಹಾಗೆ ಕಾಣುವುದಿಲ್ಲ, ಅಲ್ವಾ?

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಸಲಹೆಗೆ ಬರುವ ಎಷ್ಟೋ ಜನರಲ್ಲಿ ಇದೇ ಗಂಟು ಕಾಣುತ್ತೇನೆ. ಒಂದು ಅಭ್ಯಾಸ ಒಂದೇ ಆಗಿರುವುದಿಲ್ಲ. ಅದರ ಬೆನ್ನ ಮೇಲೆ ಇನ್ನೊಂದು ಕೂತಿರುತ್ತದೆ. ಅಭ್ಯಾಸಗಳ ಮೇಲೆ ದಶಕಗಳಿಂದ ಕೆಲಸ ಮಾಡಿರುವ ವೆಂಡಿ ವುಡ್ ಅನ್ನುವ ಮನಶ್ಶಾಸ್ತ್ರಜ್ಞೆ, 2002ರಲ್ಲಿ ತಮ್ಮ ಸಂಗಡಿಗರ ಜೊತೆ ಒಂದು ಅಧ್ಯಯನ ಪ್ರಕಟಿಸಿದರು. ಜನ ಗಂಟೆಗೊಮ್ಮೆ ತಾವು ಏನು ಮಾಡುತ್ತಿದ್ದೇವೆ, ಏನು ಯೋಚಿಸುತ್ತಿದ್ದೇವೆ ಅಂತ ಬರೆದಿಡಬೇಕಿತ್ತು. ದಿನದ ಕೆಲಸಗಳಲ್ಲಿ ಶೇಕಡಾ 40ರ ಆಸುಪಾಸು, ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ತಲೆ ಬೇರೆ ಕಡೆ ಇರುವಾಗ ತಾನಾಗಿ ನಡೆದುಹೋಗುವಂಥವು. ಜಾಗ ಮತ್ತು ಹೊತ್ತು ನಮ್ಮ ಕೈ ಹಿಡಿದು ಮಾಡಿಸುತ್ತವೆ. ಮಾತಾಡುವುದೂ ಹೀಗೇ. ಗಂಡ ಹೆಂಡತಿ 'ಈಗ ಕೂತು ಮಾತಾಡೋಣ' ಅಂತ ನಿಶ್ಚಯ ಮಾಡಿ ಮಾತಾಡುವುದು ಅಪರೂಪ. ರಾತ್ರಿ ಟಿವಿ ಮುಂದೆ ಕೂತಾಗ, ಜಾಹೀರಾತು ಬಂದಾಗ, ಪರದೆಯ ಮೇಲೆ ಯಾರೋ ಏನೋ ಅಂದಾಗ, 'ಇವತ್ತು ಆಫೀಸಿನಲ್ಲಿ ಏನಾಯ್ತು ಗೊತ್ತಾ' ಅಂತ ಒಂದು ಮಾತು ಹೊರಡುತ್ತದೆ. ಆ ಮಾತಿಗೆ ಟಿವಿಯೇ ನೆಪ. ನೀವು ಒಂದು ರಾತ್ರಿ ಎದ್ದು ಪುಸ್ತಕ ಹಿಡಿದು ಒಳಗಿನ ಕೋಣೆಗೆ ಹೋದಿರಿ. ಟಿವಿಯ ಜೊತೆ ಆ ಹೊತ್ತಿನ ಮಾತೂ ಹೋಯಿತು. ಬೇರೆ ಯಾವ ಹೊತ್ತಿನಲ್ಲೂ ಅದಕ್ಕೆ ಜಾಗ ಮಾಡಲಿಲ್ಲ, ಯಾಕೆಂದರೆ ಅದು ಅಲ್ಲಿ ಇತ್ತು ಅನ್ನುವುದೇ ಇಬ್ಬರಿಗೂ ತಿಳಿದಿರಲಿಲ್ಲ.

ಹಾಗಾದರೆ ಮತ್ತೆ ಟಿವಿ ನೋಡಬೇಕಾ? ಬೇಕಿಲ್ಲ. ಟಿವಿ ಹೋಗಲಿ, ಆ ಹೊತ್ತು ವಾಪಸ್ ಬರಲಿ. ಓದುವುದನ್ನು ಅರ್ಧ ಗಂಟೆ ಆಚೆ ಈಚೆ ಮಾಡಿ. ಇಲ್ಲವೇ ಒಳಗೆ ಹೋಗದೆ ಅವರ ಪಕ್ಕದಲ್ಲೇ ಕೂತು ಓದಿ, ಮತ್ತು ಅವರು ಏನಾದರೂ ಅಂದಾಗ ಪುಸ್ತಕದಿಂದ ತಲೆ ಎತ್ತಿ. ತಲೆ ಎತ್ತುವುದು ಮುಖ್ಯ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ.

ಜಾನ್ ಗಾಟ್‌ಮನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರಿದ್ದಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನೆಯ ಹಾಗೇ ಇರುವ ಒಂದು ಪ್ರಯೋಗಾಲಯ ಮಾಡಿ, ಹೊಸದಾಗಿ ಮದುವೆಯಾದ ಜೋಡಿಗಳನ್ನು ಅಲ್ಲಿ ಉಳಿಸಿಕೊಂಡು, ಅವರು ದಿನವಿಡೀ ಹೇಗಿರುತ್ತಾರೆ ಅಂತ ನೋಡಿದರು. ದೊಡ್ಡ ಜಗಳ, ದೊಡ್ಡ ಪ್ರೀತಿಗಿಂತ ಅವರ ಕಣ್ಣಿಗೆ ಬಿದ್ದಿದ್ದು ತೀರಾ ಸಣ್ಣ ಸಂಗತಿ. ಒಬ್ಬರು ಕಿಟಕಿಯಿಂದ ಹೊರಗೆ ನೋಡಿ 'ಅಲ್ಲಿ ನೋಡು, ಎಂಥ ಹಕ್ಕಿ' ಅನ್ನುತ್ತಾರೆ. ಹಕ್ಕಿ ಮುಖ್ಯ ಅಲ್ಲ, 'ನನ್ನ ಕಡೆ ಒಂದು ಕ್ಷಣ ನೋಡು' ಅನ್ನುವ ಕರೆ ಅದು. ಇನ್ನೊಬ್ಬರು ಆ ಕಡೆ ತಿರುಗಬಹುದು, ಕೇಳಿಸದ ಹಾಗೆ ಇರಬಹುದು, 'ಸುಮ್ನಿರು, ಕೆಲಸ ಇದೆ' ಅನ್ನಬಹುದು. ಆರು ವರ್ಷ ಬಿಟ್ಟು ವಿಚಾರಿಸಿದಾಗ, ಇನ್ನೂ ಜೊತೆಗಿದ್ದ ಜೋಡಿಗಳು ಇಂಥ ಕರೆಗಳಲ್ಲಿ ಶೇಕಡಾ 86ಕ್ಕೆ ತಿರುಗಿ ನೋಡಿದ್ದವರು, ಬೇರೆಯಾದವರು ಶೇಕಡಾ 33ಕ್ಕೆ ಮಾತ್ರ. ಇದು ಗಾಟ್‌ಮನ್ ಕೊಡುವ ಲೆಕ್ಕ. ಲೆಕ್ಕ ನೆನಪಿಡದಿದ್ದರೂ ಪರವಾಗಿಲ್ಲ. ನಿಮ್ಮ ದಿನದಲ್ಲಿ ಈ ಕರೆಗಳು ಎಲ್ಲೆಲ್ಲಿ ಬರುತ್ತವೆ ಅಂತ ಮಾತ್ರ ನೋಡಿ. ನೀವು ಡೈರಿ ಬರೆಯುವಾಗ ಮಗ ಬಂದು ಏನೋ ತೋರಿಸುತ್ತಾನೆ. ನೀವು ಓಡಲು ಶೂ ಹಾಕಿಕೊಳ್ಳುವಾಗ ಪತಿ ನಿದ್ದೆಗಣ್ಣಲ್ಲಿ ಏನೋ ಕೇಳುತ್ತಾರೆ. ಗೆಳತಿ ಒಂದು ತಮಾಷೆ ವಿಡಿಯೋ ಕಳಿಸುತ್ತಾಳೆ. ಈ ಎಲ್ಲ ಹೊತ್ತಿನಲ್ಲೂ ನೀವು 'ಈಗ ಬೇಡ' ಅಂದಿದ್ದರೆ, ಒಂದೊಂದು ಸಲವೂ ನಿಮ್ಮ ಕಡೆ ನ್ಯಾಯ ಇತ್ತು. ಎಲ್ಲ ಸೇರಿಸಿದರೆ ಮಾತ್ರ ಅದು 'ನೀನು ಮೊದಲಿನ ಹಾಗಿಲ್ಲ' ಆಗುತ್ತದೆ.

ಆ ಮಾತನ್ನು ನೀವು ದೂರು ಅಂತ ತೆಗೆದುಕೊಂಡಿದ್ದೀರಿ. ಇರಬಹುದು. ನನಗೆ ಅನಿಸುವುದು, ಹೆಚ್ಚಿನ ಸಲ ಅದರ ಹಿಂದೆ ಮೂರರಲ್ಲಿ ಒಂದು ಇರುತ್ತದೆ. ನಿನ್ನ ಜೊತೆ ಕೂರುವುದು ಕಡಿಮೆಯಾಗಿದೆ, ಬೇಜಾರಾಗುತ್ತಿದೆ ಅನ್ನುವುದು ಒಂದು. ನೀನು ಇಷ್ಟು ಮುಂದೆ ಹೋದರೆ ನಿನಗೆ ನಾನು ಸಾಕಾಗುತ್ತೇನಾ ಅನ್ನುವ ಅಂಜಿಕೆ ಇನ್ನೊಂದು, ಇದನ್ನು ಗಂಡಸರು ಬಾಯಿ ಬಿಟ್ಟು ಹೇಳುವುದು ತೀರಾ ಕಡಿಮೆ. ಮೂರನೆಯದು, ನೀನು ಸುಧಾರಿಸಿದಷ್ಟೂ ನಾನು ಕೆಟ್ಟವನಾಗಿ ಕಾಣುತ್ತಿದ್ದೇನೆ ಅನ್ನುವ ಚುಚ್ಚು. ಯಾವುದು ಅಂತ ಊಹಿಸಬೇಡಿ, ಕೇಳಿ. ಜಗಳದ ಮಧ್ಯೆ ಕೇಳಬೇಡಿ. ಇಬ್ಬರೂ ಒಂದೇ ಕಡೆ ನೋಡುತ್ತಾ ನಡೆಯುವಾಗ, ಗಾಡಿಯಲ್ಲಿ ಹೋಗುವಾಗ ಕೇಳಿದರೆ ಇಂಥ ಮಾತು ಸುಲಭವಾಗಿ ಹೊರಡುತ್ತದೆ. 'ನಾನು ಮೊದಲಿನ ಹಾಗಿಲ್ಲ ಅಂದ್ರಲ್ಲ, ನಿಮಗೆ ಯಾವುದು ಜಾಸ್ತಿ ನೆನಪಾಗುತ್ತೆ?' ಅಂತ ಕೇಳಿ. 'ಏನು ತಪ್ಪು ಮಾಡಿದೆ ಹೇಳಿ' ಅಂತ ಕೇಳಿದರೆ ಅವರು ತಪ್ಪು ಹುಡುಕುತ್ತಾರೆ. ಏನು ನೆನಪಾಗುತ್ತೆ ಅಂತ ಕೇಳಿದರೆ ಅವರಿಗೆ ಬೇಕಾಗಿರುವುದು ಹೊರಗೆ ಬರುತ್ತದೆ. ಉತ್ತರ ಬಂದಾಗ ನಡುವೆ ಬಾಯಿ ಹಾಕಬೇಡಿ, ಸಮಜಾಯಿಷಿ ಕೊಡಬೇಡಿ. ಇದು ಕಷ್ಟ, ಗೊತ್ತು.

5 ಕಿಲೋಮೀಟರ್ ಓಡಿದ ದಿನದ ಬಗ್ಗೆ. ಆ 'ಸರಿ' ನಿಮಗೆ ಎಷ್ಟು ಚುಚ್ಚಿರಬೇಕು ಅಂತ ಊಹಿಸಬಲ್ಲೆ. ಶೆಲ್ಲಿ ಗೇಬಲ್ ಅನ್ನುವ ಸಂಶೋಧಕಿ ಇದನ್ನೇ ಅಧ್ಯಯನ ಮಾಡಿದ್ದಾರೆ. ಅವರ 2004ರ ಪ್ರಬಂಧ, ಒಬ್ಬರು ಒಳ್ಳೆಯ ಸುದ್ದಿ ತಂದಾಗ ಇನ್ನೊಬ್ಬರು ಹೇಗೆ ಸ್ಪಂದಿಸುತ್ತಾರೆ ಅನ್ನುವುದರ ಮೇಲೆ. ನಾಲ್ಕು ಬಗೆ ಅಂತ ಅವರು ಗುರುತಿಸಿದರು. ಕಣ್ಣರಳಿಸಿ 'ಹೌದಾ! ಹೇಗಾಯ್ತು, ಕೊನೆ ಸುತ್ತಿನಲ್ಲಿ ಕಾಲು ನೋಯಲಿಲ್ವಾ?' ಅಂತ ಕೇಳುವುದು. ತಣ್ಣಗೆ 'ಒಳ್ಳೇದು' ಅನ್ನುವುದು. 'ಮಂಡಿ ಹಾಳಾಗುತ್ತೆ ನೋಡು' ಅಂತ ಹುಳುಕು ತೆಗೆಯುವುದು. ಕೇಳಿಸಿಕೊಳ್ಳದೆ ಬೇರೆ ಮಾತಿಗೆ ಹೋಗುವುದು. ಸಂಬಂಧದಲ್ಲಿ ತೃಪ್ತಿ, ಹತ್ತಿರವಿದ್ದೇವೆ ಅನ್ನುವ ಭಾವ ಕಂಡಿದ್ದು ಮೊದಲನೆಯದರ ಜೊತೆ ಮಾತ್ರ. ತಣ್ಣಗಿನ 'ಒಳ್ಳೇದು' ಕೂಡ ಸಾಲುವುದಿಲ್ಲ. ಕಷ್ಟದಲ್ಲಿ ಜೊತೆಗಿರುವುದೇ ಸಂಬಂಧದ ಪರೀಕ್ಷೆ ಅಂತ ನಾವೆಲ್ಲ ನಂಬಿದ್ದೇವೆ, ಸಂತೋಷದಲ್ಲಿ ಜೊತೆಗಿರುವುದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಹಾಗಾಗಿ ನಿಮ್ಮ ನೋವು ನ್ಯಾಯವಾದದ್ದು, ಅದನ್ನು ಅವರಿಗೆ ಹೇಳಿ. 'ಆ ದಿನ ನೀವು ಇನ್ನೂ ಎರಡು ಮಾತು ಕೇಳಿದ್ರೆ ನಂಗೆ ತುಂಬಾ ಖುಷಿಯಾಗ್ತಿತ್ತು' ಅಂತ ನೇರವಾಗಿ ಹೇಳಿ. ಅದರ ಜೊತೆಗೆ ಒಂದು ಕೆಲಸ ಮಾಡಿ. ಕಳೆದ ಕೆಲವು ತಿಂಗಳಲ್ಲಿ ಅವರು ತಂದ ಒಳ್ಳೆಯ ಸುದ್ದಿ ಯಾವುದು, ನೀವು ಏನಂದಿರಿ ಅಂತ ನೆನಪು ಮಾಡಿಕೊಳ್ಳಿ. ನೆನಪಾದರೆ ಒಳ್ಳೆಯದು. ಒಂದೂ ನೆನಪಾಗದಿದ್ದರೆ, ಅವರು ತರುವುದನ್ನೇ ನಿಲ್ಲಿಸಿರಬಹುದು. ಅವರ ಸುದ್ದಿ ನಿಮ್ಮ ಕಣ್ಣಿಗೆ ಸಣ್ಣದಾಗಿ ಕಾಣಬಹುದು. ಯಾವುದೋ ಆಟದಲ್ಲಿ ತಮ್ಮ ತಂಡ ಗೆದ್ದಿದ್ದು, ಕೆಟ್ಟಿದ್ದ ಫ್ಯಾನ್ ತಾವೇ ಸರಿ ಮಾಡಿದ್ದು. ಎರಡು ಪ್ರಶ್ನೆ ಹೆಚ್ಚಿಗೆ ಕೇಳಿ, ಅಷ್ಟೇ. ನಟನೆ ಮಾಡಬೇಡಿ, ನಟನೆ ಎದುರಿನವರಿಗೆ ತಕ್ಷಣ ಗೊತ್ತಾಗುತ್ತದೆ. ನಿಜವಾಗಿ ಕುತೂಹಲ ಹುಟ್ಟುವ ಒಂದು ಎಳೆ ಪ್ರತಿ ಸುದ್ದಿಯಲ್ಲೂ ಇರುತ್ತದೆ, ಅದನ್ನು ಹುಡುಕಿ.

ಈಗ ಸ್ವಲ್ಪ ಕಹಿ ಮಾತು. ಅವರು ತಡವಾಗಿ ಏಳುವುದು, ಮೊಬೈಲ್ ಹಿಡಿಯುವುದು ನಿಮಗೆ ಸಹಿಸಲು ಆಗುತ್ತಿಲ್ಲ ಅಂದಿರಿ. ವರ್ಷದ ಹಿಂದೆಯೂ ಅವರು ಹೀಗೇ ಇದ್ದರು, ಆಗ ನಿಮಗೆ ತೊಂದರೆ ಇರಲಿಲ್ಲ, ಅಲ್ವಾ? ಹೊಸದಾಗಿ ಬದಲಾದವರಿಗೆ ಇದು ಆಗುತ್ತದೆ. ತಾನು ಕಷ್ಟಪಟ್ಟು ಬಿಟ್ಟಿದ್ದನ್ನು ಇನ್ನೊಬ್ಬರು ಆರಾಮವಾಗಿ ಮಾಡುತ್ತಿದ್ದರೆ ಮೈ ಉರಿಯುತ್ತದೆ. ಪ್ರೀತಿಯಿಂದಲೇ ಹೇಳಲು ಹೋಗುತ್ತೀರಿ, ಕೇಳುವವರಿಗೆ ಅದು ತೀರ್ಪಿನ ಹಾಗೆ ಕೇಳಿಸುತ್ತದೆ. ಎಷ್ಟು ಹೇಳಿದರೂ ಕೇಳುವುದಿಲ್ಲ ಅಂತ ನೀವೇ ಬರೆದಿದ್ದೀರಿ. ಕೇಳುವುದೇ ಇಲ್ಲ. ಯಾರೂ ಕೇಳುವುದಿಲ್ಲ. ನೀವು ಬೇಗ ಏಳಲು ಶುರು ಮಾಡಿದ್ದು ಯಾರೋ ಹೇಳಿಹೇಳಿ ಸುಸ್ತಾಗಿದ್ದರಿಂದಲಾ? ನಿಮಗೇ ಬೇಕು ಅನಿಸಿದ್ದರಿಂದ ತಾನೇ?

ಸಂಬಂಧಗಳ ಮನಶ್ಶಾಸ್ತ್ರದಲ್ಲಿ ಮೈಕೆಲ್ಯಾಂಜೆಲೊ ವಿದ್ಯಮಾನ ಅಂತ ಒಂದು ವಿಚಾರ ಇದೆ. ಸ್ಟೀಫನ್ ಡ್ರಿಗೋಟಸ್, ಕ್ಯಾರಿಲ್ ರಸ್‌ಬಲ್ಟ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ಮುಂದಿಟ್ಟರು. ಕಲ್ಲಿನೊಳಗೆ ಮೂರ್ತಿ ಆಗಲೇ ಇದೆ, ಶಿಲ್ಪಿ ಬೇಡದ ಕಲ್ಲನ್ನು ತೆಗೆಯುತ್ತಾನೆ ಅಷ್ಟೇ ಅನ್ನುವ, ಇಟಲಿಯ ಶಿಲ್ಪಿ ಮೈಕೆಲ್ಯಾಂಜೆಲೊನದು ಅನ್ನಲಾಗುವ ಕಲ್ಪನೆಯಿಂದ ಆ ಹೆಸರು ಬಂತು. ಹತ್ತಿರದವರು ನಮ್ಮನ್ನು ನಿಧಾನಕ್ಕೆ ಕೆತ್ತುತ್ತಾರೆ, ನಾವು ಏನಾಗಲು ಬಯಸುತ್ತೇವೋ ಆ ಕಡೆಗೆ ಅವರು ನಮ್ಮನ್ನು ಕಂಡರೆ, ಆ ಥರ ನಡೆಸಿಕೊಂಡರೆ, ನಾವು ಅದಾಗುತ್ತೇವೆ ಮತ್ತು ಸಂಬಂಧವೂ ಗಟ್ಟಿಯಾಗುತ್ತದೆ. ಇದರಲ್ಲಿ ಒಂದು ಷರತ್ತು ಇದೆ, ಬಹಳ ಜನ ಅದನ್ನು ಬಿಟ್ಟು ಓದುತ್ತಾರೆ. ಒಳಗಿರುವ ಮೂರ್ತಿ ಅವರದ್ದಾಗಿರಬೇಕು, ನಿಮ್ಮದಲ್ಲ. ನಿಮಗೆ ಬೆಳಿಗ್ಗೆ 5ಕ್ಕೆ ಎದ್ದು ಓಡುವ ಗಂಡ ಬೇಕು. ಅವರಿಗೆ ಏನಾಗಬೇಕು ಅಂತ ಇದೆ? ಮಗನಿಗೆ ಇನ್ನೂ ಹತ್ತಿರದ ಅಪ್ಪ ಆಗಬೇಕು ಅಂತಿರಬಹುದು, ಬಿಟ್ಟುಹೋದ ಸಂಗೀತ ಮತ್ತೆ ಹಿಡಿಯಬೇಕು ಅಂತಿರಬಹುದು, ಕೆಲಸ ಬದಲಿಸಬೇಕು ಅಂತ ಒಳಗೊಳಗೇ ಕುದಿಯುತ್ತಿರಬಹುದು. ಹತ್ತು ವರ್ಷ ಜೊತೆಗಿದ್ದೂ ಇದು ನಿಮಗೆ ಗೊತ್ತಿಲ್ಲದಿದ್ದರೆ, ಕೇಳಲು ಈಗ ಒಳ್ಳೆಯ ಹೊತ್ತು. ಗೊತ್ತಾದ ಮೇಲೆ ಅದಕ್ಕೆ ನೀರೆರೆಯಿರಿ. ತಡವಾಗಿ ಏಳುವುದನ್ನು ಅವರಿಗೇ ಬಿಡಿ. ಅವರು ಯಾವತ್ತೂ ಬೇಗ ಏಳದೇ ಇರಬಹುದು. ಏಳದಿದ್ದರೂ ಮದುವೆ ಚೆನ್ನಾಗಿಯೇ ನಡೆಯುತ್ತದೆ.

ಇದೇ ಮಾತು ಅವರಿಗೂ ಅನ್ವಯಿಸುತ್ತದೆ. ನೀವು ಏನಾಗಲು ಹೊರಟಿದ್ದೀರಿ ಅಂತ ಅವರಿಗೆ ಗೊತ್ತಾ? 'ಓಡುತ್ತಾಳೆ, ಬರೆಯುತ್ತಾಳೆ' ಅಂತ ಗೊತ್ತು. ಯಾಕೆ ಅಂತ ಹೇಳಿದ್ದೀರಾ? ನನಗೆ ಬೇಗ ಸುಸ್ತಾಗುತ್ತಿತ್ತು, ಮಗನ ಮೇಲೆ ರೇಗುತ್ತಿದ್ದೆ, ಹಾಗಾಗಬಾರದು ಅಂತ ಶುರು ಮಾಡಿದೆ ಅನ್ನುವಂಥ ಒಂದು ಕಾರಣ ನಿಮ್ಮದೂ ಇರುತ್ತದೆ. ಆ ಕಾರಣ ಕೇಳಿದವರು ಸಾಮಾನ್ಯವಾಗಿ ನಿಮ್ಮ ಕಡೆ ಬರುತ್ತಾರೆ. ಕಾರಣ ಕೇಳದವರಿಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ.

ನೆಂಟರ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಸಾಲು ಇದು. ನಾಲ್ಕು ದಿನ ತಪ್ಪಿತು, ಭಯ ಹುಟ್ಟಿಸುವಷ್ಟು ಸಿಟ್ಟು ಬಂತು, ಆಮೇಲೆ ಎರಡು ವಾರ ಏನೂ ಮಾಡಲಾಗಲಿಲ್ಲ. ಆ ಸಿಟ್ಟು ನೆಂಟರ ಮೇಲಿನದಲ್ಲ ಅಂತ ನನಗೆ ಅನಿಸುತ್ತದೆ. ಒಂದು ದಿನ ತಪ್ಪಿದರೂ ಎಲ್ಲ ಹೋಯಿತು ಅನ್ನುವ ನಂಬಿಕೆ ನಿಮ್ಮೊಳಗೆ ಕೂತಿದೆ. ಆ ನಂಬಿಕೆ ಇದ್ದರೆ ಮನೆಗೆ ಬರುವ ಪ್ರತಿಯೊಬ್ಬರೂ, ಜ್ವರ ಬಂದ ಮಗುವೂ, ರಾತ್ರಿ ಹೊತ್ತು ಅಳುತ್ತಾ ಫೋನ್ ಮಾಡುವ ಗೆಳತಿಯೂ ನಿಮ್ಮ ಬೆಳವಣಿಗೆಯ ಶತ್ರುವಾಗಿ ಕಾಣುತ್ತಾರೆ. ಅಭ್ಯಾಸದ ಬಗೆಗಿನ ಒಂದು ತಪ್ಪು ತಿಳಿವಳಿಕೆ ಸಂಬಂಧಗಳನ್ನು ತಿನ್ನುವುದು ಹೀಗೆ.

ಅದು ನಿಜಕ್ಕೂ ತಪ್ಪು ತಿಳಿವಳಿಕೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು, 2010ರಲ್ಲಿ ಅದು ಅಚ್ಚಾಯಿತು. ಪ್ರತಿಯೊಬ್ಬರೂ ತಮಗಿಷ್ಟವಾದ ಒಂದು ಹೊಸ ಅಭ್ಯಾಸ ಆರಿಸಿಕೊಂಡಿದ್ದರು. ಅದು ಯೋಚಿಸದೆ ತಾನಾಗಿ ನಡೆಯುವ ಹಂತಕ್ಕೆ ಬರಲು ಹಿಡಿದ ಕಾಲ ಸರಾಸರಿ 66 ದಿನ. ಆದರೆ ಜನರಿಂದ ಜನರಿಗೆ ವ್ಯತ್ಯಾಸ ಎಷ್ಟಿತ್ತೆಂದರೆ, ಕೆಲವರಿಗೆ 18 ದಿನ, ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಅಂತ ಲೆಕ್ಕ ಬಂತು. 21 ದಿನ ಮಾಡಿದರೆ ಅಭ್ಯಾಸವಾಗುತ್ತೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದರ ಮೂಲ ಬೇರೆಯೇ ಇದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಎಂದರೂ 21 ದಿನ ಹಿಡಿಯುತ್ತದೆ ಅಂತ 1960ರಲ್ಲಿ ಬರೆದಿದ್ದರು. ಓಟಕ್ಕೂ ಡೈರಿಗೂ ಅದಕ್ಕೂ ಸಂಬಂಧವಿಲ್ಲ. ಲಾಲಿ ಅವರ ಅಧ್ಯಯನದಲ್ಲಿ ನಿಮಗೆ ಬೇಕಾದ ಸಾಲು ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ.

ನಾಲ್ಕು ದಿನ ಒಂದಕ್ಕಿಂತ ಜಾಸ್ತಿ, ಒಪ್ಪುತ್ತೇನೆ. ಆದರೂ ಒಂದು ವರ್ಷ ಮಾಡಿದ್ದು ನಾಲ್ಕು ದಿನದಲ್ಲಿ ಅಳಿಸಿಹೋಗುವುದಿಲ್ಲ. ಆ ನಾಲ್ಕು ದಿನಕ್ಕಿಂತ ನಿಮಗೆ ಪೆಟ್ಟು ಕೊಟ್ಟಿದ್ದು ಆಮೇಲಿನ ಎರಡು ವಾರ, ಆ ಎರಡು ವಾರ ನೆಂಟರು ಇರಲೇ ಇಲ್ಲ. ನೀವು ನಿಮ್ಮನ್ನೇ ಬೈದುಕೊಳ್ಳುತ್ತಾ ಕೂತಿರಿ. ತನ್ನನ್ನು ತಾನು ಬೈದುಕೊಂಡರೆ ಶಿಸ್ತು ಬರುತ್ತದೆ ಅಂತ ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡಿದ್ದು ತದ್ವಿರುದ್ಧ. ಒಂದು ಪರೀಕ್ಷೆಯಲ್ಲಿ ಸೋತ ಮೇಲೆ ತಮ್ಮ ಬಗ್ಗೆ ಕರುಣೆಯಿಂದ ಯೋಚಿಸಲು ಪ್ರೇರಣೆ ಸಿಕ್ಕವರು ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. ತನ್ನನ್ನು ಕ್ಷಮಿಸಿಕೊಂಡವರು ಬೇಗ ಎದ್ದು ನಿಲ್ಲುತ್ತಾರೆ.

ಹಾಗಾಗಿ ಪ್ರತಿಯೊಂದು ಅಭ್ಯಾಸಕ್ಕೂ ಒಂದು ಚಿಕ್ಕ ರೂಪ ಇಟ್ಟುಕೊಳ್ಳಿ. ಓಟಕ್ಕೆ ಹತ್ತು ನಿಮಿಷದ ನಡಿಗೆ, ಡೈರಿಗೆ ಮೂರು ಸಾಲು, ಓದಿಗೆ ಒಂದು ಪುಟ. ಮತ್ತು 'ಹೀಗಾದರೆ ಹೀಗೆ ಮಾಡುತ್ತೇನೆ' ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ತೊಂಬತ್ತರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ, 2006ರಲ್ಲಿ ಅವರು ಮತ್ತು ಪ್ಯಾಸ್ಕಲ್ ಶೀರನ್ 94 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಈ ಥರದ ಯೋಜನೆ ಚೆನ್ನಾಗಿಯೇ ಕೆಲಸ ಮಾಡುತ್ತದೆ ಅಂತ ಕಂಡಿತು. ಬರೀ ಓಟಕ್ಕೆ ಇದನ್ನು ಬಳಸಬೇಡಿ, ಮನುಷ್ಯರಿಗೂ ಬಳಸಿ. 'ಮನೆಗೆ ಯಾರಾದರೂ ಬಂದರೆ, ಅವರಿರುವಷ್ಟು ದಿನ ಹತ್ತು ನಿಮಿಷ ನಡೆಯುತ್ತೇನೆ, ಸಾಧ್ಯವಾದರೆ ಅವರನ್ನೂ ಕರೆದುಕೊಂಡು.' 'ನಾನು ಬರೆಯುವಾಗ ಮಗ ಬಂದರೆ, ಪೆನ್ ಕೆಳಗಿಟ್ಟು ಅವನ ಮುಖ ನೋಡಿ ಮಾತಾಡುತ್ತೇನೆ, ಆಮೇಲೆ ಮುಂದುವರಿಸುತ್ತೇನೆ.' ಮಗ ಎರಡು ನಿಮಿಷದಲ್ಲಿ ಓಡಿಹೋಗುತ್ತಾನೆ. ಮಕ್ಕಳಿಗೆ ಬೇಕಾಗಿರುವುದು ಆ ಎರಡು ನಿಮಿಷ.

ಗೆಳತಿ. ಇದರಲ್ಲಿ ಜಾಸ್ತಿ ಯೋಚನೆ ಬೇಡ, ನೀವೇ ಫೋನ್ ಮಾಡಿ. ಅವಳು ಬಿಟ್ಟಳು ಅಂತ ಬರೆದಿದ್ದೀರಿ. ಅವಳ ಹರಟೆಗೆ ನೀವು ಹೊತ್ತು ಕೊಡುವುದನ್ನು ನಿಲ್ಲಿಸಿದ ಮೇಲೆ ಬಿಟ್ಟಿರಬೇಕು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ ಅಂದಾಜಿನ ಪ್ರಕಾರ, ಬರೀ ಪರಿಚಯದವರು ಸಾಧಾರಣ ಸ್ನೇಹಿತರಾಗಲು ಜೊತೆಯಲ್ಲಿ 50 ಗಂಟೆಯಷ್ಟು ಕಳೆಯಬೇಕು, ಸ್ನೇಹಿತರು ಅನ್ನಿಸಿಕೊಳ್ಳಲು 90, ಆಪ್ತರಾಗಲು 200ಕ್ಕೂ ಹೆಚ್ಚು. ಆ ಗಂಟೆಗಳಲ್ಲಿ ಜನ ಏನು ಮಾಡಿರುತ್ತಾರೆ? ಬಹಳಷ್ಟು ತಮಾಷೆ, ಹಳೇ ಕಥೆ, ಸುಮ್ನೆ ಕೂರುವುದು. ಹೊರಗಿನಿಂದ ನೋಡಿದರೆ ಸಮಯ ಹಾಳು ಅನಿಸುವಂಥದ್ದೇ. ಕಾಲೇಜಿನಿಂದ ಇಲ್ಲಿಯವರೆಗೆ ನೀವಿಬ್ಬರೂ ಸೇರಿಸಿಟ್ಟ ಗಂಟೆಗಳನ್ನು ಹೊಸಬರ ಜೊತೆ ಮತ್ತೆ ಸೇರಿಸಲು ಎಷ್ಟು ವರ್ಷ ಬೇಕು ಯೋಚಿಸಿ. ಫೋನ್ ಮಾಡಿದಾಗ ನಿಮ್ಮ ದಿನಚರಿಯ ವಿವರ ಕೊಡಬೇಡಿ, ಅವಳ ಸುದ್ದಿ ಕೇಳಿ. ಮೊದಲ ಸಲ ಮಾತು ತಡವರಿಸಬಹುದು, ಅವಳು ಸ್ವಲ್ಪ ಬಿಗಿಯಾಗಿರಬಹುದು. ಮುಂದಿನ ವಾರ ಮತ್ತೆ ಮಾಡಿ.

ಇನ್ನೊಂದನ್ನು ಸೇರಿಸಲೇಬೇಕು, ಯಾಕೆಂದರೆ ನೀವು ಓಡುತ್ತಿರುವುದು ಆರೋಗ್ಯಕ್ಕೆ. ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಶುರು ಮಾಡಿ ದಶಕಗಟ್ಟಲೆ ಅದೇ ಗಂಡಸರನ್ನು ಹಿಂಬಾಲಿಸಿದ ಒಂದು ಅಧ್ಯಯನ ಇದೆ. ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳ ಬಗ್ಗೆ ತೃಪ್ತಿ ಇದ್ದವರು ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು, ಆ ವಯಸ್ಸಿನ ಆರೋಗ್ಯದ ಸುಳಿವು ಕೊಡುವುದರಲ್ಲಿ ಇದು ಕೊಲೆಸ್ಟ್ರಾಲಿಗಿಂತ ಮುಂದಿತ್ತು. ಜೂಲಿಯನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು, ಅಂದರೆ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಸೇರಿಸಿ ನೋಡಿದಾಗ, ಗಟ್ಟಿ ಸಂಬಂಧಗಳಿದ್ದವರು ಬದುಕುಳಿಯುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚಿತ್ತು. ಗೆಳತಿಯ ಜೊತೆಗಿನ ಫೋನನ್ನು ನಿಮ್ಮ ಪಟ್ಟಿಯಲ್ಲಿ ಓಟದ ಪಕ್ಕದಲ್ಲೇ ಬರೆದುಕೊಳ್ಳಿ.

ಬಿಡಬೇಕಾದ ಸಂಬಂಧಗಳ ಬಗ್ಗೆ ಹೇಳುತ್ತೇನೆ ಅಂದಿದ್ದೆ. ನಿಮಗೆ ಅಲ್ಲದಿದ್ದರೂ ಇದನ್ನು ಓದುವ ಬೇರೆ ಯಾರಿಗಾದರೂ ಬೇಕಾಗಬಹುದು. ಹತ್ತಿರದವರು ನೀವಿಲ್ಲದೆ ಬೇಜಾರಾಗುವುದು ಬೇರೆ, ನೀವು ಗಟ್ಟಿಯಾಗುವುದನ್ನೇ ಸಹಿಸದಿರುವುದು ಬೇರೆ. ಓಡಿ ಬಂದವರನ್ನು ನಾಲ್ಕು ಜನರ ಮುಂದೆ ಗೇಲಿ ಮಾಡುವುದು, ಶೂ ಬಚ್ಚಿಡುವುದು, ಡೈರಿ ಕದ್ದು ಓದಿ ಅದನ್ನೇ ಆಯುಧ ಮಾಡುವುದು, ಹೊರಗೆ ಹೋಗಲು ಅಪ್ಪಣೆ ಕೇಳಬೇಕು ಅನ್ನುವುದು, ದುಡ್ಡು ಹಿಡಿದಿಡುವುದು, ಕೈ ಎತ್ತುವುದು. ಇವು ಇರುವ ಕಡೆ ನಾನು ಮೇಲೆ ಹೇಳಿದ ಯಾವ ಸಲಹೆಯೂ ಸಲ್ಲುವುದಿಲ್ಲ. ಅಲ್ಲಿ ತಿರುಗಿ ನೋಡುವುದು, ಕುತೂಹಲದಿಂದ ಕೇಳುವುದು ಅಂತ ಕೂರಬಾರದು. ಮೊದಲು ಸುರಕ್ಷಿತವಾಗಿರಬೇಕು, ನಂಬುವ ಒಬ್ಬರಿಗಾದರೂ ವಿಷಯ ಗೊತ್ತಿರಬೇಕು. ಪತಿ ನಿಮ್ಮ ಓಟವನ್ನು ತಡೆದಿಲ್ಲ, ಗೇಲಿ ಮಾಡಿಲ್ಲ, 'ಸರಿ' ಅಂದರು. ತಣ್ಣಗಾಗಿದ್ದಾರೆ, ಅಷ್ಟೇ. ತಣ್ಣಗಾದದ್ದು ಬೆಚ್ಚಗಾಗಬಹುದು, ಅದಕ್ಕೆ ವಾರಗಳು ಹಿಡಿಯುತ್ತವೆ. ನೀವು ಇಷ್ಟೆಲ್ಲ ಮಾಡಿ ಎರಡು ಮೂರು ತಿಂಗಳಾದರೂ ಆ ಕಡೆಯಿಂದ ಏನೂ ಅಲುಗದಿದ್ದರೆ ಇಬ್ಬರೂ ಸೇರಿ ಒಬ್ಬ ಆಪ್ತ ಸಮಾಲೋಚಕರನ್ನು ನೋಡಿ. ಅವರು ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋದರೂ ಪ್ರಯೋಜನ ಇದೆ.

ಕೊನೆಗೆ ಡೈರಿ. ಓದಲು ಕೊಡಬೇಡಿ. ಜೇಮ್ಸ್ ಪೆನ್ನೆಬೇಕರ್ 1986ರಿಂದ, ಮನಸ್ಸಿನ ಭಾರವನ್ನು ಬರೆಯುವುದರಿಂದ ಏನಾಗುತ್ತದೆ ಅಂತ ಅಧ್ಯಯನ ಮಾಡುತ್ತಾ ಬಂದವರು. ಅವರ ಮೊದಲ ಪ್ರಯೋಗದಲ್ಲಿ ಜನ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದಿದ್ದರು. ಇಂಥ ಬರವಣಿಗೆಯ ಬಲ ಇರುವುದು, ಯಾರೂ ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆಯುವುದರಲ್ಲಿ. ಪತಿ ಓದುತ್ತಾರೆ ಅಂತ ಗೊತ್ತಾದ ದಿನದಿಂದ ನೀವು ಅವರಿಗಾಗಿ ಬರೆಯಲು ಶುರು ಮಾಡುತ್ತೀರಿ, ನಿಮಗಿದ್ದ ಒಂದು ಜಾಗ ಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ಸಿಟ್ಟಿನ ದಿನ ಬರೆದ ಸಾಲು ಆ ದಿನದ್ದು, ಓದುವವರಿಗೆ ಅದು ನಿಮ್ಮ ಕೊನೆಯ ಅಭಿಪ್ರಾಯದ ಹಾಗೆ ಕಾಣುತ್ತದೆ. ಬದಲಿಗೆ ವಾರಕ್ಕೊಮ್ಮೆ ನೀವೇ ಹಿಂದಿನ ಪುಟಗಳನ್ನು ತಿರುವಿ ನೋಡಿ. ಒಂದೇ ದೂರು ಮೂರು ನಾಲ್ಕು ಸಲ ಬಂದಿದ್ದರೆ ಅದನ್ನು ಮತ್ತೆ ಬರೆಯುವುದು ಬಿಟ್ಟು, ಆ ರಾತ್ರಿಯೇ ಅವರ ಪಕ್ಕ ಕೂತು ಬಾಯಲ್ಲಿ ಹೇಳಿ. ಒಂದು ಸಲಕ್ಕೆ ಒಂದೇ.